ಮಧ್ಯಾಹ್ನ ಎರಡಕ್ಕೇ ಖಾಲಿಯಾಗುತ್ತಿದ್ದ ಕಾಲೇಜು: ಬಾಗಲಕೋಟೆ ಜಿಲ್ಲೆಯ ಒಂದು ಪ್ರಕರಣ

ಬಾಗಲಕೋಟೆ ಜಿಲ್ಲೆಯ ಒಂದು ಕಾನೂನು ಕಾಲೇಜು ಕೆಲವು ವರ್ಷಗಳ ಹಿಂದೆ ಬಾಡಿಗೆ ಕಟ್ಟಡ ಬಿಟ್ಟು ಸ್ವಂತ ಕಟ್ಟಡಕ್ಕೆ ಹೋಯಿತು. ಕಟ್ಟಡದಲ್ಲಿ ಕೊರತೆ ಹೇಳುವಂಥದ್ದು ಜಾಸ್ತಿ ಏನೂ ಇರಲಿಲ್ಲ. ಆದರೆ ಹೋದ ಒಂದೇ ವರ್ಷದಲ್ಲಿ ಅಲ್ಲಿನ ವಿದ್ಯಾರ್ಥಿ ಬಳಗ ಚದುರಿಹೋಯಿತು. ಅದನ್ನು ಮತ್ತೆ ಕೂಡಿಸಲು ಏನೇನು ಮಾಡಿದರು, ಯಾವುದು ಕೈಕೊಟ್ಟಿತು, ಯಾವುದು ಕೈಹಿಡಿಯಿತು ಅನ್ನೋದೇ ಈ ಬರಹ. ಹೊಸ ಕಟ್ಟಡದ ಕನಸು ಕಾಣುತ್ತಿರುವ ಬೇರೆ ಕಾಲೇಜುಗಳಿಗೆ ಇದರಿಂದ ಉಪಯೋಗ ಆಗಬಹುದು ಅಂತ ನನ್ನ ನಂಬಿಕೆ.

ನಾನು ಆ ಕಾಲೇಜಿನ ಮೇಷ್ಟ್ರಲ್ಲ. ವಕೀಲಿಕೆ ಮಾಡುವವನು. ಉಚಿತ ಕಾನೂನು ನೆರವು ಕೊಡುವ ತಾಲೂಕು ಕಾನೂನು ಸೇವಾ ಸಮಿತಿಯ ಪ್ಯಾನಲ್ ವಕೀಲನಾಗಿ ಅವರ ಕಾನೂನು ನೆರವು ಕೇಂದ್ರದ ಜತೆ ಕೆಲಸ ಮಾಡಿದ್ದರಿಂದ ಇದನ್ನೆಲ್ಲ ಹತ್ತಿರದಿಂದ ನೋಡಿದೆ. ಗುರುತು ಸಿಗಬಾರದೆಂದು ಊರಿನ ಹೆಸರು ಬಿಟ್ಟಿದ್ದೇನೆ, ಜನರ ಮತ್ತು ಜಾಗದ ಕೆಲವು ವಿವರ ಬದಲಿಸಿದ್ದೇನೆ. ಕಾನೂನಿನ ಸಂಗತಿಗಳು ಮಾತ್ರ ಇದ್ದಂತೆಯೇ ಇವೆ.

ಹಿನ್ನೆಲೆ

ಈ ಜಿಲ್ಲೆಯಲ್ಲಿ ವಕೀಲರಾಗಬೇಕು ಅನ್ನುವ ಎಷ್ಟೋ ಮಕ್ಕಳಿಗೆ ಅದರ ಕಾರಣ ಮನೆಯಲ್ಲೇ ಇರುತ್ತದೆ. ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲಿಸಲು ಹೊರಟಾಗ ಹಳೇ ಬಾಗಲಕೋಟೆಯ ಒಂದು ಭಾಗ, ಕೃಷ್ಣಾ ಮತ್ತು ಘಟಪ್ರಭೆಯ ದಂಡೆಯ ಎಷ್ಟೋ ಹಳ್ಳಿ, ಹೊಲ ಹಿನ್ನೀರಿನಲ್ಲಿ ಮುಳುಗಿದವು. ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರ ಹುಟ್ಟಿದ್ದೇ ಹಾಗೆ. ಮನೆ, ಹೊಲ ಕಳೆದುಕೊಂಡವರು ಪರಿಹಾರ ಸಾಲದೆಂದು ಕೋರ್ಟಿಗೆ ಹೋದರು. 2010ರಲ್ಲಿ ಕೃಷ್ಣಾ ನೀರಿನ ಹಂಚಿಕೆಯ ಎರಡನೇ ನ್ಯಾಯಮಂಡಳಿ 524.256 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿದ ಮೇಲೆ ಇನ್ನಷ್ಟು ಊರುಗಳಲ್ಲಿ ಅದೇ ಮಾತು ಶುರುವಾಯಿತು. ಅಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಉತಾರ (ಜಮೀನಿನ ಪಹಣಿ), ನೋಟಿಸು, ಎವಾರ್ಡಿನ (ಪರಿಹಾರ ಗೊತ್ತುಮಾಡಿದ ಆದೇಶದ) ನಕಲು. ಇದನ್ನು ನೋಡುತ್ತಲೇ ಬೆಳೆದ ಮಕ್ಕಳು ಈ ಕಾಲೇಜಿಗೆ ಬರುತ್ತಾರೆ. ಮನೆಯಲ್ಲಿ ಕಾನೂನು ಓದಿದವರು ಅವರೇ ಮೊದಲಿಗರು.

ಕಾಲೇಜಿನಲ್ಲಿ ಪದವಿಯ ನಂತರದ ಮೂರು ವರ್ಷದ ಎಲ್‌ಎಲ್‌.ಬಿ. ಇದೆ, ಪಿಯುಸಿ ನಂತರದ ಐದು ವರ್ಷದ ಕೋರ್ಸೂ ಇದೆ. ಎರಡೂ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಹಳೇ ಕಟ್ಟಡ ಅಂದರೆ ಕೋರ್ಟಿನ ಹಿಂದಿನ ಓಣಿಯಲ್ಲಿದ್ದ ಒಂದು ಬಾಡಿಗೆ ವಾಡೆ, ಹಳೇ ಕಾಲದ ದೊಡ್ಡ ಮನೆ. ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಗ್ರಂಥಾಲಯ ಅಂದರೆ ಒಂದು ಕೋಣೆ, ಅದರಲ್ಲೊಂದು ಉದ್ದನೆಯ ಮೇಜು. ಕುರ್ಚಿ ಸಿಗದವರು ಮೆಟ್ಟಿಲ ಮೇಲೆ ಕೂರುತ್ತಿದ್ದರು.

ಆ ವಾಡೆಯನ್ನು ಹೊಗಳುವ ಇಚ್ಛೆ ನನಗಿಲ್ಲ. ಮಳೆ ಬಂದರೆ ಸೋರುತ್ತಿತ್ತು. ಅಷ್ಟೂ ಹೆಣ್ಣುಮಕ್ಕಳಿಗೆ ಒಂದೇ ಶೌಚಾಲಯ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಕೇಳುವ ಸೌಕರ್ಯ ಅಲ್ಲಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಹೊಸ ಕಟ್ಟಡ ಬೇಕೇ ಬೇಕಿತ್ತು.

ಆದರೆ ಅಲ್ಲಿ ಒಂದು ವ್ಯವಸ್ಥೆ ತಾನಾಗಿಯೇ ನಡೆಯುತ್ತಿತ್ತು. ತರಗತಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತಿತ್ತು. ಹಳ್ಳಿಗಳ ಕಡೆಗೆ ಬಸ್ಸು ಇದ್ದದ್ದು ನಾಲ್ಕೂವರೆಯ ಸುಮಾರಿಗೆ. ನಡುವಿನ ಮೂರು ಗಂಟೆ ಹುಡುಗರು, ಹುಡುಗಿಯರು ಅಲ್ಲೇ ಇರುತ್ತಿದ್ದರು. ಕೆಲವರು ಓದುತ್ತಿದ್ದರು. ಕೆಲವರು ಕೋರ್ಟಿಗೆ ಹೋಗಿ ಮಧ್ಯಾಹ್ನದ ಕಲಾಪ ನೋಡುತ್ತಿದ್ದರು. ಮೊದಲ ವರ್ಷದವರು ಕೊನೆಯ ವರ್ಷದವರ ಹಳೇ ನೋಟ್ಸ್ ಕೇಳಿ ಪಡೆಯುತ್ತಿದ್ದರು. ಕೋರ್ಟಿಗೆ ಬಂದ ಪಕ್ಷಗಾರರು ದಾರಿಯಲ್ಲಿ ಸಿಕ್ಕ ಹುಡುಗರ ಕೈಗೆ ಕಾಗದ ಕೊಟ್ಟು "ಇದರಾಗ ಏನ್ ಬರದೈತಿ ನೋಡ್ರಿ" ಅನ್ನುತ್ತಿದ್ದರು. ಇದಾವುದೂ ಕಾಲೇಜಿನ ವೇಳಾಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಹೊಸ ಕಟ್ಟಡದ ನಕ್ಷೆ ಬರೆಯುವಾಗ ಇದು ಯಾರ ತಲೆಗೂ ಬರಲಿಲ್ಲ.

ಹೊಸ ಕಟ್ಟಡದಲ್ಲಿ ಆದದ್ದು

ಹೊಸ ಕಟ್ಟಡ ಬೈಪಾಸ್ ರಸ್ತೆಯ ಮೇಲೆ, ಊರಿನಿಂದ ಆರೇಳು ಕಿಲೋಮೀಟರ್ ಆಚೆ. ನೆಲಮಹಡಿಯಲ್ಲಿ ಕಚೇರಿ, ಪ್ರಾಂಶುಪಾಲರ ಕೊಠಡಿ, ಆಡಳಿತ ಮಂಡಳಿಯ ಸಭಾಕೊಠಡಿ. ಮೇಲೆ ತರಗತಿಗಳು, ವಿದ್ಯಾರ್ಥಿಗಳು ವಾದ ಮಾಡಿ ಕಲಿಯುವ ಅಣಕು ನ್ಯಾಯಾಲಯದ ದೊಡ್ಡ ಹಾಲ್. ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ ಗ್ರಂಥಾಲಯ. ಕಾನೂನು ನೆರವು ಕೇಂದ್ರಕ್ಕೆ ಹಿಂಭಾಗದಲ್ಲಿ ಒಂದು ಕೋಣೆ. ನಿಯಮ ಕೇಳಿದ್ದೆಲ್ಲ ಇತ್ತು, ಬಾಗಿಲಿಗೊಂದು ಹಿತ್ತಾಳೆಯ ಫಲಕವೂ ಇತ್ತು.

ಊರಿನಿಂದ ದೂರವಾದ್ದರಿಂದ ಸಂಸ್ಥೆ ಎರಡು ಬಸ್ಸು ಹಾಕಿತು. ಬೆಳಿಗ್ಗೆ ನಿಲ್ದಾಣದಿಂದ ಕರೆತರುವುದು, ಮಧ್ಯಾಹ್ನ 1.45ಕ್ಕೆ ವಾಪಸ್ ಬಿಡುವುದು. ಮಕ್ಕಳಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ಎರಡೂ ಬಸ್ಸು ಒಟ್ಟಿಗೇ ಹೊರಡುತ್ತಿದ್ದವು. ಎರಡು ಗಂಟೆಗೆ ಕಾಲೇಜಿನಲ್ಲಿ ಉಳಿಯುತ್ತಿದ್ದವರು ಗುಮಾಸ್ತರು, ವಾಚ್‌ಮನ್ ಮತ್ತು ಬೈಕ್ ಇದ್ದ ನಾಲ್ಕಾರು ಹುಡುಗರು.

ಮೊದಲು ಕೆಟ್ಟದ್ದು ಕೋರ್ಟಿನ ಒಡನಾಟ. ಪ್ರಾಯೋಗಿಕ ವಿಷಯದ ಭಾಗವಾಗಿ ವಿದ್ಯಾರ್ಥಿಗಳು ಎರಡು ವಿಚಾರಣೆಗಳನ್ನು ಖುದ್ದಾಗಿ ನೋಡಿ ಡೈರಿ ಬರೆಯಬೇಕು. ಒಂದು ಸಿವಿಲ್, ಒಂದು ಕ್ರಿಮಿನಲ್. ಅದಕ್ಕೆ 30 ಅಂಕ. ಹೊಸ ಕಟ್ಟಡಕ್ಕೆ ಹೋದ ವರ್ಷ ಬಂದ ಡೈರಿಗಳನ್ನು ಅಲ್ಲಿನ ಒಬ್ಬ ಅಧ್ಯಾಪಕಿ ನನಗೆ ತೋರಿಸಿದರು. ಅದೇ ಪ್ರಕರಣ, ಅದೇ ಸಾಕ್ಷಿ, ಅದೇ ಪಾಟೀಸವಾಲು. ಒಬ್ಬ ಹುಡುಗ ಸಾಕ್ಷಿಯ ಊರಿನ ಹೆಸರು ತಪ್ಪಾಗಿ ಬರೆದಿದ್ದ. ಆ ತಪ್ಪು ಹತ್ತಾರು ಡೈರಿಗಳಲ್ಲಿ ಹಾಗೇ ಇತ್ತು. ಕೋರ್ಟಿನ ಗೇಟು ಕಾಣುವಷ್ಟು ಹತ್ತಿರ ಕೂತು ಓದುತ್ತಿದ್ದ ಕಾಲೇಜಿಗೆ ಇದು ಬಹಳ ದೊಡ್ಡ ನಷ್ಟ.

ಎರಡನೆಯದು ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮದವರ ನಡುವಿನ ಬಿರುಕು. ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಇಂಗ್ಲಿಷಿನಲ್ಲೂ ಬರೆಯಬಹುದು. ವಾಡೆಯ ಒಂದೇ ಮೇಜಿನ ಸುತ್ತ ಕೂತಾಗ ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಬೇಕಾಗುತ್ತಿತ್ತು. ಹೊಸ ಕಟ್ಟಡದಲ್ಲಿ ಕೂಡಿ ಕೂರುವ ಹೊತ್ತೇ ಇಲ್ಲದ ಮೇಲೆ ಅವರವರ ಗುಂಪು ಅವರವರಿಗೆ. ಅಣಕು ನ್ಯಾಯಾಲಯ ಇಂಗ್ಲಿಷಿನಲ್ಲೇ ನಡೆಯುತ್ತಿದ್ದರಿಂದ ಅಷ್ಟು ಚಂದದ ಹಾಲು ಕೆಲವೇ ಮಂದಿಯದಾಯಿತು.

ಕಾನೂನು ನೆರವು ಕೇಂದ್ರಕ್ಕಂತೂ ಯಾರೂ ಬರಲಿಲ್ಲ. ಅದು ಕಟ್ಟಡದ ಹಿಂದೆ ಇತ್ತು ಅನ್ನೋದಕ್ಕಿಂತ ಗೇಟಿನ ರಿಜಿಸ್ಟರ್ ದೊಡ್ಡ ಅಡ್ಡಿಯಾಗಿತ್ತು. ಹೆಸರು, ಊರು, ಮೊಬೈಲ್ ನಂಬರು, ಯಾರನ್ನು ಕಾಣಬೇಕು, ಸಹಿ. ಕಾಗದಕ್ಕೆ ಸಹಿ ಹಾಕಿ ಹಾಕಿಯೇ ಹೊಲ ಕಳೆದುಕೊಂಡ ಜನ ಇವರು. ಇನ್ನೊಂದು ರಿಜಿಸ್ಟರಿಗೆ ಸಹಿ ಹಾಕಿ ಒಳಗೆ ಬರುತ್ತಾರಾ?

ಮೊದಲು ಮಾಡಿ ನೋಡಿದ್ದು

ಕಾಲೇಜು ಕೈಕಟ್ಟಿ ಕೂರಲಿಲ್ಲ, ಅದನ್ನು ಹೇಳಲೇಬೇಕು. ಮೊದಲಿಗೆ ಹಾಜರಾತಿ ಹಿಡಿದರು. ಪ್ರತಿ ವಿಷಯದಲ್ಲೂ ಶೇ. 70ರಷ್ಟು ಹಾಜರಾತಿ ಇರಲೇಬೇಕು ಅನ್ನುವುದು ವಕೀಲರ ಪರಿಷತ್ತಿನ ನಿಯಮ. ಬಯೋಮೆಟ್ರಿಕ್ ಬಂತು, ತರಗತಿ ತುಂಬಿತು. 1.45ಕ್ಕೆ ಮತ್ತೆ ಖಾಲಿ.

ಆಮೇಲೆ ಕ್ಲಬ್ಬುಗಳು. ಚರ್ಚಾ ಕೂಟ, ಸಾಂಸ್ಕೃತಿಕ ಕೂಟ, ಅಣಕು ನ್ಯಾಯಾಲಯ ಸಂಘ. ಪ್ರತಿಯೊಂದಕ್ಕೂ ಒಬ್ಬ ಅಧ್ಯಾಪಕರು, ಒಂದು ವಾಟ್ಸಾಪ್ ಗುಂಪು. ನವೆಂಬರ್ 26ರ ಸಂವಿಧಾನ ದಿನಾಚರಣೆ ಭರ್ಜರಿಯಾಗಿ ಆಯಿತು, ಫೋಟೋ ಪತ್ರಿಕೆಯಲ್ಲಿ ಬಂತು. ಮರುದಿನದಿಂದ ಆ ಗುಂಪುಗಳಲ್ಲಿ ಶುಭೋದಯದ ಸಂದೇಶ ಬಿಟ್ಟರೆ ಬೇರೇನೂ ಇಲ್ಲ.

ಮೂರನೆಯದಾಗಿ ವಾರದಲ್ಲಿ ಎರಡು ದಿನ ಕಡ್ಡಾಯ ಗ್ರಂಥಾಲಯ ಅವಧಿ. ಇದು ಯಾಕೆ ಸೋತಿತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗ್ರಂಥಾಲಯದ ಪಶ್ಚಿಮದ ಗೋಡೆ ಪೂರ್ತಿ ಗಾಜಿನದು. ಹೊರಗಿನಿಂದ ನೋಡಿದರೆ ಕಟ್ಟಡದ ಅಂದವೆಲ್ಲ ಅದೇ. ಆದರೆ ನಮ್ಮ ಕಡೆ ಫೆಬ್ರವರಿ ಮುಗಿಯುತ್ತಿದ್ದಂತೆ ಬಿಸಿಲು ಏರುತ್ತದೆ, ಏಪ್ರಿಲ್, ಮೇ ತಿಂಗಳ ಮಾತೇ ಬೇಡ. ಮಧ್ಯಾಹ್ನ ಹೊತ್ತು ವಾಲುತ್ತಿದ್ದಂತೆ ಗಾಜಿನ ಮೂಲಕ ಬಿಸಿಲು ನೇರ ಮೇಜಿನ ಮೇಲೆ. ಕಬ್ಬಿಣದ ಕುರ್ಚಿಯ ಕೈ ಮುಟ್ಟಿದರೆ ಚುರ್ ಅನ್ನುತ್ತಿತ್ತು. ತಲೆಯ ಮೇಲೆ ತಾರಸಿ ಬೇರೆ. ಹುಡುಗಿಯರು ಹಳೇ ಪತ್ರಿಕೆ ತಂದು ಗಾಜಿಗೆ ಅಂಟಿಸಿದರು. ಯಾರೋ ಗಣ್ಯರು ಬರುತ್ತಾರೆಂದು ಕಚೇರಿಯವರು ಅದನ್ನು ಕಿತ್ತರು. ಅವರು ಮತ್ತೆ ಅಂಟಿಸಿದರು. ಮತ್ತೆ ಕಿತ್ತರು. ಮೂರನೇ ಸಲ ಯಾರೂ ಅಂಟಿಸಲಿಲ್ಲ, ಮೇಲೆ ಬರುವುದನ್ನೇ ಬಿಟ್ಟರು.

ಆ ಪತ್ರಿಕೆ ಅಂಟಿಸಿದ್ದನ್ನು ಶಿಸ್ತಿನ ಪ್ರಶ್ನೆ ಅಂತ ಅಲ್ಲಿ ಕೆಲವರು ನೋಡಿದರು. ನನಗೆ ಅದು ಬೇರೆಯಾಗಿ ಕಾಣುತ್ತದೆ. ಇಲ್ಲಿ ಕೂತು ಓದಬೇಕು ಅನ್ನುವ ಆಸೆ ಇದ್ದವರು ಮಾತ್ರ ಗಾಜಿಗೆ ಕಾಗದ ಅಂಟಿಸುತ್ತಾರೆ. ಆ ಆಸೆಯನ್ನು ಕಾಲೇಜು ಅವತ್ತು ಗುರುತಿಸಬೇಕಿತ್ತು.

ಬಸ್ಸಿನ ಮಾತು

ಎರಡನೇ ವರ್ಷದ ಶುರುವಿನಲ್ಲಿ ಪ್ರಾಂಶುಪಾಲರು ವಿದ್ಯಾರ್ಥಿಗಳ ಸಭೆ ಕರೆದರು. ಏನು ತೊಂದರೆ ಇದೆಯೋ ಹೇಳಿ ಅಂದರು. ಕ್ಯಾಂಟೀನ್ ಇಲ್ಲ, ಕುಡಿಯುವ ನೀರು ಬಿಸಿ, ವೈಫೈ ಬರಲ್ಲ, ಬಸ್ಸಿನಲ್ಲಿ ನಿಂತುಕೊಂಡು ಬರಬೇಕು. ಎಲ್ಲ ನಿರೀಕ್ಷೆಯ ಮಾತೇ. ಬಸ್ಸು ಇನ್ನೂ ಲಗೂನ ಬಿಡಬೇಕು ಅಂತಲೂ ಹುಡುಗರು ಕೇಳಿದರು. ಆಗ ಕೊನೆಯ ವರ್ಷದ ಒಬ್ಬ ಹುಡುಗಿ ಎದ್ದಳು. ಪುನರ್ವಸತಿ ಕೇಂದ್ರವೊಂದರಿಂದ, ಅಂದರೆ ಮುಳುಗಡೆಯಾದವರಿಗೆ ಕಟ್ಟಿಕೊಟ್ಟ ಊರಿನಿಂದ ಬರುವವಳು.

"ಬಸ್ಸು ಲಗೂನ ಬಿಡೂದು ಬ್ಯಾಡ್ರಿ ಸರ. ತಡಾ ಮಾಡಿ ಬಿಡ್ರಿ."

ಹುಡುಗರು ನಕ್ಕರು. ಅವಳು ಬಿಡಿಸಿ ಹೇಳಿದಳು. ಅವಳ ಊರಿನ ಬಸ್ಸು ನಿಲ್ದಾಣದಿಂದ ಹೊರಡುವುದು ನಾಲ್ಕೂವರೆಗೆ. ಕಾಲೇಜಿನ ಬಸ್ಸು ಎರಡಕ್ಕೆ ನಿಲ್ದಾಣಕ್ಕೆ ತಂದು ಬಿಡುತ್ತದೆ. ಹುಡುಗರು ಚಹಾದಂಗಡಿಗೆ ಹೋಗುತ್ತಾರೆ. ಅವಳು ಎರಡೂವರೆ ಗಂಟೆ ಎಲ್ಲಿ ನಿಲ್ಲಬೇಕು? ಸರಿ, ಕಾಲೇಜಿನಲ್ಲೇ ಉಳಿಯೋಣ ಅಂದರೆ, ಕಾಲೇಜು ಬಿಡುವ ಹೊತ್ತು ಎಷ್ಟು ಅಂತ ಮನೆಯಲ್ಲಿ ಗೊತ್ತು. "ಬಸ್ಸು ಪೌಣೇ ಎರಡಕ್ಕ ಬಿಡ್ತೈತಿ, ನೀ ಎಲ್ಲಿದ್ದಿ ಅಂತ ಕೇಳ್ತಾರ್ರಿ. ಕಾಲೇಜಿನ ಬಸ್ಸೇ ನಾಲ್ಕಕ್ಕ ಬಿಟ್ರ ಯಾರೂ ಕೇಳೂದಿಲ್ರಿ."

ಈ ಪ್ರಕರಣದಲ್ಲಿ ಎಲ್ಲ ತಿರುಗಿದ್ದು ಇಲ್ಲೇ ಅಂತ ನಾನು ನಂಬಿದ್ದೇನೆ. ಅಲ್ಲಿಯವರೆಗೆ ಎಲ್ಲರೂ ಯೋಚಿಸಿದ್ದು ಮಕ್ಕಳನ್ನು ಕಾಲೇಜಿನಲ್ಲಿ ಹಿಡಿದಿಡುವುದು ಹೇಗೆ ಅಂತ. ಉಳಿಯಲು ಅವರಿಗೆ ಮನಸ್ಸಿತ್ತು. ಬೇಕಾಗಿದ್ದದ್ದು ಮನೆಯಲ್ಲಿ ಹೇಳಿಕೊಳ್ಳಲು ಒಂದು ಅಧಿಕೃತ ಹೊತ್ತು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು, ನಿಜ. ಆದರೆ ಸಂಜೆ ತಡವಾಗಿ ಬಂದದ್ದಕ್ಕೆ ಕಾರಣ ಹೇಳುವ ಕಷ್ಟ ಟಿಕೆಟ್ಟಿನಿಂದ ತಪ್ಪುವುದಿಲ್ಲ.

ಅಷ್ಟಾದರೂ ತೀರ್ಮಾನ ಸುಲಭವಾಗಿ ಆಗಲಿಲ್ಲ. ಡೀಸೆಲ್, ಡ್ರೈವರಿನ ಹೆಚ್ಚಿನ ಹೊತ್ತಿನ ಸಂಬಳ ಅಂತ ಆಡಳಿತ ಮಂಡಳಿ ಹಿಂದೇಟು ಹಾಕಿತು. ನಾಲ್ಕರವರೆಗೆ ಯಾರು ಇರಬೇಕು ಅಂತ ಕೆಲವು ಅಧ್ಯಾಪಕರು ಕೇಳಿದರು. ಅವರದೂ ತಪ್ಪಲ್ಲ, ಬೆಳಿಗ್ಗೆ ಎಂಟಕ್ಕೇ ಬಂದಿರುತ್ತಾರೆ. ಪ್ರಾಂಶುಪಾಲರು ಹೊಸ ಬಸ್ಸು ಕೇಳಲಿಲ್ಲ. ಒಟ್ಟಿಗೆ ಹೊರಡುತ್ತಿದ್ದ ಎರಡು ಬಸ್ಸುಗಳಲ್ಲಿ ಒಂದನ್ನು 1.45ಕ್ಕೆ, ಇನ್ನೊಂದನ್ನು 4ಕ್ಕೆ ಬಿಡಲು ಹೇಳಿದರು. 1.45ರ ಬಸ್ಸು ಕೋರ್ಟಿನ ಗೇಟಿನ ಮುಂದೆ ಹಾದುಹೋಗುವಂತೆ ದಾರಿ ಬದಲಿಸಿದರು. ಮಧ್ಯಾಹ್ನದ ಕಲಾಪ ನೋಡುವವರು ಅಲ್ಲಿ ಇಳಿಯಬಹುದು. ಅಧ್ಯಾಪಕರು ಸರದಿಯ ಮೇಲೆ ಒಬ್ಬೊಬ್ಬರು ಉಳಿದರು, ಹಾಗೆ ಉಳಿದುಕೊಂಡವರಿಗೆ ಮರುದಿನದ ಮೊದಲ ಅವಧಿ ಇರುತ್ತಿರಲಿಲ್ಲ. ಖರ್ಚು ಜಾಸ್ತಿ ಆಗಲಿಲ್ಲ. ಪರಿಷತ್ತಿನ ನಿಯಮದಲ್ಲೂ ಅಡ್ಡಿ ಇರಲಿಲ್ಲ, ಬೆಳಿಗ್ಗೆ 8ರಿಂದ ಸಂಜೆ 7ರ ನಡುವೆ ತರಗತಿಯನ್ನೇ ನಡೆಸಬಹುದು.

ಇನ್ನೊಂದು ಸಣ್ಣ ಕೆಲಸ ಮಾಡಿದರು, ಅದು ದೊಡ್ಡದಾಗಿ ಫಲಿಸಿತು. ಕಾಲೇಜಿನ ಲೆಟರ್‌ಹೆಡ್ಡಿನ ಮೇಲೆ ಕನ್ನಡದಲ್ಲಿ ಒಂದು ಪತ್ರ ಬರೆದು ಪ್ರತಿ ಪಾಲಕರಿಗೆ ಕಳಿಸಿದರು. ಗ್ರಂಥಾಲಯ ಮತ್ತು ಕಾನೂನು ನೆರವಿನ ಕೆಲಸ 4ರವರೆಗೆ ಇರುತ್ತದೆ, ಕಾಲೇಜಿನ ಬಸ್ಸು 4ಕ್ಕೆ ಹೊರಟು 4.20ಕ್ಕೆ ನಿಲ್ದಾಣ ಮುಟ್ಟುತ್ತದೆ, ಇಂಥ ನಂಬರಿಗೆ ಫೋನ್ ಮಾಡಿ ಕೇಳಬಹುದು, ಅಷ್ಟೇ. ಕೆಲವು ಮನೆಗಳಲ್ಲಿ ಆ ಪತ್ರವನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದರಂತೆ.

ಕೆಳಗಿಳಿದ ಗ್ರಂಥಾಲಯ

ಹೊತ್ತು ಸಿಕ್ಕಿತು, ಕೂರಲು ಜಾಗ ಬೇಕಲ್ಲ. ನೆಲಮಹಡಿಯ ಉತ್ತರಕ್ಕಿದ್ದ ಸಭಾಕೊಠಡಿ ತಂಪಾಗಿತ್ತು, ತಿಂಗಳಿಗೊಮ್ಮೆ ಮಾತ್ರ ಬಳಕೆಯಾಗುತ್ತಿತ್ತು. ಅದನ್ನು ಓದುವ ಕೋಣೆ ಮಾಡಿ ಅಂತ ವಿದ್ಯಾರ್ಥಿಗಳು ಕೇಳಿದರು. ಅಲ್ಲಿನ ದೊಡ್ಡ ತೇಗದ ಮೇಜನ್ನು ಮಂಡಳಿಯ ಹಿರಿಯರೊಬ್ಬರು ದಾನ ಕೊಟ್ಟಿದ್ದರು. ಅವರಿಗೆ ಬೇಸರವಾಯಿತು. ಮೇಜು ತೆಗೆಯುವುದು ಬೇಡ, ಅದರ ಮೇಲೇ ಮಕ್ಕಳು ಓದಲಿ ಅಂತ ಗ್ರಂಥಪಾಲಕರು ಹೇಳಿದ ಮೇಲೆ ಅವರೇ ಒಪ್ಪಿ, ಇನ್ನಷ್ಟು ಕುರ್ಚಿ ಕೊಡಿಸಿದರು. ಪಠ್ಯಪುಸ್ತಕ, ಬೇರ್ ಆಕ್ಟ್ (ಕಾಯ್ದೆಯ ಮೂಲಪಠ್ಯದ ಪುಸ್ತಕ), ದಿನಪತ್ರಿಕೆ ಕೆಳಗೆ ಬಂದವು. ತೀರ್ಪುಗಳ ಹಳೇ ಸಂಪುಟಗಳು ಮೇಲೆ ಉಳಿದವು.

2024ರ ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜತೆಯ ಇನ್ನೆರಡು ಹೊಸ ಕಾನೂನು ಜಾರಿಗೆ ಬಂದಾಗ ಆ ಮೇಜು ತುಂಬಾ ಕೆಲಸಕ್ಕೆ ಬಂತು. ಹಳೇ ಭಾರತೀಯ ದಂಡ ಸಂಹಿತೆ ಓದಿ ಮುಗಿಸಿದ್ದ ಸೀನಿಯರುಗಳಿಗೂ ಅದು ಹೊಸದು, ಜೂನಿಯರುಗಳಿಗೂ ಹೊಸದು. ಇಬ್ಬರೂ ಕೂಡಿ ಹಳೇ ಕಲಂ, ಹೊಸ ಕಲಂ ಎದುರೆದುರು ಬರೆದುಕೊಂಡರು. ಕೊಲೆಗೆ 302 ಇದ್ದದ್ದು 103 ಆಯಿತು, ವಂಚನೆಯ 420 ಈಗ 318. ಸೀನಿಯರುಗಳು ಹಳೇ ತೀರ್ಪುಗಳನ್ನು ಹೇಳುತ್ತಿದ್ದರು, ಜೂನಿಯರುಗಳು ಹೊಸ ಪುಸ್ತಕ ತೆರೆದು ನೋಡುತ್ತಿದ್ದರು.

ಆಯಿಯ ಕಾಗದ

ಕಾನೂನು ನೆರವು ಕೇಂದ್ರದ ವಿಷಯದಲ್ಲಿ ನಾನು ಒಂದೇ ಮಾತು ಹೇಳಿದ್ದೆ: ಜನ ಬರುವ ಜಾಗಕ್ಕೆ ನಾವು ಹೋಗೋಣ. ಪುನರ್ವಸತಿ ಕೇಂದ್ರವೊಂದರಲ್ಲಿ ಸಂತೆಯ ದಿನ ಪಂಚಾಯಿತಿ ಕಟ್ಟಡದ ಕಟ್ಟೆಯ ಮೇಲೆ ಕೂತೆವು. ಕಾಲೇಜಿನಲ್ಲಿ ಗೇಟಿಗೆ ಹೊಂದಿದ ಒಂದು ಸ್ಟೋರ್ ರೂಮನ್ನು ಖಾಲಿ ಮಾಡಿಸಿ, ಅದಕ್ಕೆ ರಸ್ತೆಯ ಕಡೆಯಿಂದ ಬಾಗಿಲು ಇಡಿಸಿದರು. ಅಲ್ಲಿಗೆ ಬರುವವರು ವಾಚ್‌ಮನ್‌ನ ರಿಜಿಸ್ಟರಿಗೆ ಸಹಿ ಹಾಕಬೇಕಾಗಿಲ್ಲ.

ಸಂತೆಯ ದಿನ ಬಂದವರಲ್ಲಿ ಒಬ್ಬ ಆಯಿ ಇದ್ದಳು. ಗಂಡ ತೀರಿಕೊಂಡಿದ್ದ. ಹೊಲ ಯೋಜನೆಗೆ ಹೋಗಿತ್ತು. ಕೊಟ್ಟ ಪರಿಹಾರ ಕಡಿಮೆ ಅಂತ ಅವರು ಆಗ ಕೋರ್ಟಿಗೆ ಹೋಗಿರಲಿಲ್ಲ. ಪಕ್ಕದ ಹೊಲದವರು ಹೋಗಿದ್ದರು, ಈಗ ಅವರಿಗೆ ಕೋರ್ಟು ಜಾಸ್ತಿ ಕೊಟ್ಟಿದೆ. "ಅವರ ಹೊಲ, ನಮ್ಮ ಹೊಲ ಒಂದ ಬದುವಿನ್ಯಾಗ ಇದ್ದೂ. ನಮಗ್ಯಾಕ ಇಲ್ಲ?" ಅನ್ನೋದು ಅವಳ ಪ್ರಶ್ನೆ.

ಇಂಗ್ಲಿಷ್ ಮಾಧ್ಯಮದ ಒಬ್ಬ ಹುಡುಗ ಕಾಗದ ನೋಡಿ, ಎವಾರ್ಡ್ 1894ರ ಭೂಸ್ವಾಧೀನ ಕಾಯ್ದೆಯಡಿ ಆಗಿದೆ, ಪರಿಹಾರ ಸಾಲದೆಂದು ಕೋರ್ಟಿಗೆ ಹೋಗಲು 18ನೇ ಕಲಂ ಕೊಡುವ ಆರು ವಾರ ಎಂದೋ ಮುಗಿದಿದೆ ಅಂದ. ಪಕ್ಕದಲ್ಲಿದ್ದ ಕನ್ನಡ ಮಾಧ್ಯಮದ ಹುಡುಗಿ ತಿದ್ದಿದಳು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅದು ನೋಟಿಸು ಮುಟ್ಟಿದ 90 ದಿನ. ಅವಳ ಅಪ್ಪನದೇ ಅಂಥ ಕೇಸು ನಡೆದಿತ್ತು, ಹಾಗಾಗಿ ಅವಳಿಗೆ ಗೊತ್ತು. ಆದರೆ 90 ದಿನವೂ ಮುಗಿದು ವರ್ಷಗಳಾಗಿದ್ದವು.

ಇಬ್ಬರೂ ಮರುದಿನ ನಾಲ್ಕರವರೆಗೆ ಆ ತೇಗದ ಮೇಜಿನ ಮುಂದೆ ಕೂತರು. 1984ರ ತಿದ್ದುಪಡಿಯಲ್ಲಿ ಬಂದ 28-ಎ ಕಲಂ ಸಿಕ್ಕಿತು. ಜಮೀನು ಬೇಕೆಂದು ಸರ್ಕಾರ ಹೊರಡಿಸುವ ಒಂದೇ 4(1) ಅಧಿಸೂಚನೆಯಲ್ಲಿ ಹೋದ ಬೇರೆ ಜಮೀನಿಗೆ ಕೋರ್ಟು ಜಾಸ್ತಿ ಪರಿಹಾರ ಕೊಟ್ಟರೆ, ಮೊದಲು ಕೋರ್ಟಿಗೆ ಹೋಗದವರೂ ಆ ತೀರ್ಪಿನ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಬಹುದು. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಕಳೆಯಬಹುದು. ಆದರೆ ಅದೇ ಅಧಿಸೂಚನೆಯಲ್ಲಿ ಮೊದಲೇ ಬೇರೆಯವರಿಗೆ ಒಂದು ತೀರ್ಪು ಆಗಿತ್ತು. ಮೂರು ತಿಂಗಳು ಆ ಮೊದಲ ತೀರ್ಪಿನಿಂದಲೇ ಲೆಕ್ಕವೇ? ಹುಡುಗ ಮೇಲಿನ ಮಹಡಿಯ ಸಂಪುಟಗಳಲ್ಲಿ ಹುಡುಕಿ ಪ್ರದೀಪ ಕುಮಾರಿ ಪ್ರಕರಣದ 1995ರ ಸುಪ್ರೀಂ ಕೋರ್ಟ್ ತೀರ್ಪು ತಂದ. ನಂತರದ ತೀರ್ಪನ್ನು ಆಧಾರವಾಗಿ ಇಟ್ಟುಕೊಳ್ಳಬಹುದು, ಆ ತೀರ್ಪಿನಿಂದ ಮೂರು ತಿಂಗಳೊಳಗೆ ಅರ್ಜಿ ಇದ್ದರೆ ಸಾಕು ಅಂತ ಅದರಲ್ಲಿದೆ. ಪಕ್ಕದ ಹೊಲದವರ ತೀರ್ಪಿಗೆ ಇನ್ನೂ ಮೂರು ತಿಂಗಳಾಗಿರಲಿಲ್ಲ.

ವಿದ್ಯಾರ್ಥಿಗಳು ತಾವೇ ಅರ್ಜಿ ನಡೆಸುವಂತಿಲ್ಲ. ಕಾಗದವೆಲ್ಲ ಜೋಡಿಸಿ, ದಿನಾಂಕಗಳ ಪಟ್ಟಿ ಮಾಡಿ ತಾಲೂಕು ಕಾನೂನು ಸೇವಾ ಸಮಿತಿಗೆ ಕೊಟ್ಟರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ವರಮಾನ ಎಷ್ಟೇ ಇರಲಿ, ಉಚಿತ ನೆರವು ಸಿಗುತ್ತದೆ. ಅರ್ಜಿ ಅವಧಿಯೊಳಗೆ ಭೂಸ್ವಾಧೀನಾಧಿಕಾರಿಯ ಕಚೇರಿ ಸೇರಿತು. ಆದೇಶ ಇನ್ನೂ ಬಂದಿಲ್ಲ. ಏನೇ ಬರಲಿ, ಅವಧಿ ಮೀರಿತು ಅನ್ನುವ ಒಂದೇ ಕಾರಣಕ್ಕೆ ಅವಳ ಬಾಗಿಲು ಮುಚ್ಚಲಿಲ್ಲ.

ಸಂತೆಯ ದಿನ ಆಯಿಗೆ ಇದನ್ನೆಲ್ಲ ತಿಳಿಸಿ ಹೇಳಿದ್ದು ಆ ಹುಡುಗಿ. ತೀರ್ಪನ್ನು ಓದಿ ಸಾರ ತೆಗೆದದ್ದು ಆ ಹುಡುಗ. ಕನ್ನಡ, ಇಂಗ್ಲಿಷ್ ಗುಂಪುಗಳು ಬೆರೆಯಬೇಕು ಅಂತ ಕಾಲೇಜು ಎಷ್ಟು ಭಾಷಣ ಮಾಡಿತ್ತೋ. ಆಯಿಯ ಕಾಗದ ಅದನ್ನು ಮಾಡಿಸಿತು. ಒಬ್ಬರಿಗೊಬ್ಬರು ಬೇಕಾಗುವಂಥ ನಿಜವಾದ ಕೆಲಸ ಸಿಕ್ಕಾಗ ಮಾತ್ರ ಬಳಗ ಕಟ್ಟುತ್ತದೆ ಅಂತ ನಾನು ಈಗ ದೃಢವಾಗಿ ಹೇಳಬಲ್ಲೆ.

ಇದರ ಬೆನ್ನಿಗೇ ಕನ್ನಡದಲ್ಲೂ ಅಣಕು ನ್ಯಾಯಾಲಯ ಶುರುವಾಯಿತು. ತಾಲೂಕು ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ಕನ್ನಡದಲ್ಲಿ, ಹಾಗಿರುವಾಗ ಅಭ್ಯಾಸ ಮಾತ್ರ ಯಾಕೆ ಬೇರೆ ಭಾಷೆಯಲ್ಲಿ ಅಂತ ವಿದ್ಯಾರ್ಥಿಗಳೇ ಕೇಳಿದರು. ಪ್ರತಿ ತಂಡದಲ್ಲೂ ಎರಡೂ ಮಾಧ್ಯಮದವರು ಇರಬೇಕೆಂದು ನಿಯಮ ಮಾಡಿಕೊಂಡರು. ಮೊದಲ ದಿನ ಹಾಲಿನಲ್ಲಿ ಮಾತು ಪ್ರತಿಧ್ವನಿಸಿ ಯಾರಿಗೂ ಏನೂ ಕೇಳಿಸಲಿಲ್ಲ. ನಯವಾದ ನೆಲ, ಬರಿಗೋಡೆ. ಹುಡುಗರು ಮನೆಗಳಿಂದ ಜಮಖಾನೆ ತಂದು ಹಿಂದಿನ ಗೋಡೆಗೆ ಇಳಿಬಿಟ್ಟರು. ಮಾತು ಕೇಳಿಸತೊಡಗಿತು. ಈ ಸಲ ಯಾರೂ ಕೀಳಿಸಲಿಲ್ಲ. ಮುಂದಿನ ಸೆಮಿಸ್ಟರಿನಲ್ಲಿ ಆಡಳಿತ ಮಂಡಳಿಯೇ ದಪ್ಪ ಪರದೆ ಹಾಕಿಸಿತು.

ಕುಸಿದದ್ದು, ಮತ್ತೆ ಎದ್ದದ್ದು

ಎಲ್ಲ ಸರಿಹೋಯಿತು ಅಂದುಕೊಂಡಿದ್ದಾಗ ಪರೀಕ್ಷೆಯ ಸಮಯದಲ್ಲಿ ಒಂದು ದಿನ ಮೊದಲೇ ತಿಳಿಸದೆ ನಾಲ್ಕರ ಬಸ್ಸನ್ನು ಎರಡಕ್ಕೇ ಬಿಟ್ಟರು. ಉಳಿದಿದ್ದ ಹುಡುಗಿಯರು ಬೈಪಾಸಿನಲ್ಲಿ ಆಟೋ ಹುಡುಕಿ, ಊರಿನ ಬಸ್ಸು ತಪ್ಪಿಸಿಕೊಂಡು, ಕತ್ತಲಾದ ಮೇಲೆ ಮನೆ ಮುಟ್ಟಿದರು. ಮರುದಿನದಿಂದ ಕೆಲವು ಮನೆಗಳಲ್ಲಿ ನಾಲ್ಕರವರೆಗೆ ಉಳಿಯಲು ಬಿಡಲಿಲ್ಲ. ಪ್ರಾಂಶುಪಾಲರು ಆ ಮನೆಗಳಿಗೆ ಖುದ್ದಾಗಿ ಫೋನ್ ಮಾಡಿ ಮಾತಾಡಿದರು. ಬಸ್ಸಿನ ಹೊತ್ತು ಬದಲಿಸುವುದಿದ್ದರೆ ಒಂದು ದಿನ ಮುಂಚೆ ವಿದ್ಯಾರ್ಥಿ ಪ್ರತಿನಿಧಿಗಳಿಗೆ ಹೇಳಲೇಬೇಕೆಂದು ಬರೆದು ಹಾಕಿಸಿದರು. ಆದರೂ ಹೆಚ್ಚಿನವರು ವಾಪಸ್ ಬರಲು ಒಂದು ಸೆಮಿಸ್ಟರೇ ಹಿಡಿಯಿತು. ಇಬ್ಬರಂತೂ ಮತ್ತೆ ಉಳಿಯಲೇ ಇಲ್ಲ. ಹುಡುಗರ ವಿಷಯದಲ್ಲಿ ಇದೇ ತಪ್ಪು ಆಗಿದ್ದರೆ ಒಂದು ಸಂಜೆಯ ಗೊಣಗಾಟಕ್ಕೆ ಮುಗಿಯುತ್ತಿತ್ತು. ಹೆಣ್ಣುಮಕ್ಕಳಿಗೆ ಸಿಕ್ಕ ಹೊತ್ತು ಎಷ್ಟು ತೆಳುವಾದ ನಂಬಿಕೆಯ ಮೇಲೆ ನಿಂತಿರುತ್ತದೆ ಅನ್ನೋದನ್ನು ಕಾಲೇಜು ನಡೆಸುವ ಪ್ರತಿಯೊಬ್ಬರೂ ತಿಳಿದಿರಬೇಕು.

ಈಗಿನ ಸ್ಥಿತಿ ಹೇಳುವುದಾದರೆ, ವಿಚಾರಣೆಯ ಡೈರಿಗಳು ಬೇರೆ ಬೇರೆಯಾಗಿ ಬರುತ್ತಿವೆ. ಕೋರ್ಟಿನಲ್ಲಿ ಹಿಂದಿನ ಬೆಂಚಿನ ಮೇಲೆ ಈ ಹುಡುಗರನ್ನು ನಾನೇ ನೋಡುತ್ತೇನೆ. ನೆರವು ಕೇಂದ್ರದ ರಸ್ತೆ ಬಾಗಿಲಿಗೆ ಜನ ಬರುತ್ತಾರೆ, ಜಾಸ್ತಿ ಜಮೀನಿನದೇ ವಿಷಯ, ಆಮೇಲೆ ಪಿಂಚಣಿ, ಜೀವನಾಂಶ. ಕ್ಲಬ್ಬುಗಳಲ್ಲಿ ಅಣಕು ನ್ಯಾಯಾಲಯದ್ದು ಮಾತ್ರ ಉಳಿದಿದೆ. ಮೇಲಿನ ಗಾಜಿನ ಗ್ರಂಥಾಲಯ ಬೇಸಿಗೆಯಲ್ಲಿ ಈಗಲೂ ಖಾಲಿ.

ಇದನ್ನು ಓದುವ ಬೇರೆ ಕಾಲೇಜಿನವರಿಗೆ ನನ್ನ ಸಲಹೆ ಇಷ್ಟು. ಹಳೇ ಜಾಗ ಬಿಡುವ ಮುಂಚೆ ತರಗತಿ ಮುಗಿದ ಮೇಲೆ ನಿಮ್ಮ ಮಕ್ಕಳು ಎಲ್ಲಿರುತ್ತಾರೆ, ಯಾಕಿರುತ್ತಾರೆ ಅಂತ ಒಂದು ವಾರ ನೋಡಿ. ಅವರ ಊರಿನ ಬಸ್ಸುಗಳ ಹೊತ್ತನ್ನು ನಕ್ಷೆ ಬರೆಯುವವರ ಕೈಗೆ ಕೊಡಿ. ಜನ ಕೂರಬೇಕಾದ ಕೋಣೆಯನ್ನು ನೆಲಮಹಡಿಯಲ್ಲಿ, ಬಿಸಿಲು ಬೀಳದ ಕಡೆ ಇಡಿ. ನೆರವು ಕೇಂದ್ರಕ್ಕೆ ಬೀದಿಯಿಂದಲೇ ಬಾಗಿಲಿರಲಿ. ಮತ್ತೆ, ವಿದ್ಯಾರ್ಥಿಗಳ ಸಭೆ ಕರೆದಾಗ ಹತ್ತು ಬೇಡಿಕೆ ಕೇಳಿಸಿಕೊಂಡು ಎದ್ದುಹೋಗಬೇಡಿ. ಇಲ್ಲಿ ಕೆಲಸಕ್ಕೆ ಬಂದದ್ದು ಎಲ್ಲರ ನಂತರ ಎದ್ದ ಹುಡುಗಿಯ ಮಾತು, ಅದೂ ಉಳಿದವರು ಕೇಳಿದ್ದಕ್ಕೆ ಉಲ್ಟಾ ಇದ್ದ ಮಾತು.

ಕಟ್ಟಡದ ಎರಡನೇ ಹಂತದ ಮಾತುಕತೆ ಈಗ ನಡೆದಿದೆ. ಸಮಿತಿಯಲ್ಲಿ ಈ ಸಲ ಇಬ್ಬರು ವಿದ್ಯಾರ್ಥಿ ಪ್ರತಿನಿಧಿಗಳಿದ್ದಾರೆ. ಮಂಡಳಿಯವರಿಗೆ ಸಭಾಭವನ ಬೇಕು. ವಿದ್ಯಾರ್ಥಿಗಳು ಹೆಣ್ಣುಮಕ್ಕಳ ಹಾಸ್ಟೆಲ್ ಕೇಳಿದ್ದಾರೆ, ಅದೂ ಬೈಪಾಸಿನ ಜಾಗದಲ್ಲಿ ಬೇಡ, ಊರೊಳಗೆ, ಕೋರ್ಟಿಗೆ ನಡೆದು ಹೋಗುವಷ್ಟು ಹತ್ತಿರ ಬೇಕು ಅಂದಿದ್ದಾರೆ. ಹಣ ಒಂದಕ್ಕೇ ಸಾಕಾಗುತ್ತದೆ. ಹಾಸ್ಟೆಲ್ಲೇ ಮೊದಲಾಗಬೇಕು ಅಂತ ನಾನು ಸಮಿತಿಗೆ ಲಿಖಿತವಾಗಿ ಕೊಟ್ಟಿದ್ದೇನೆ.